ಹಿಮ್ಮಡಿ ನೋವು, ಮಂಡಿ ಬಾವು, ಬೆಳಗಿನ ಸೊಂಟ ಹಿಡಿತ: ಮೂರಕ್ಕೂ ಬೇರು ಒಂದೇ!

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಹೊತ್ತು ನಿಂತು, ಇಳಿಯುವವರ ಮುಖ ಬಿಟ್ಟು ಕಾಲು ನೋಡಿ. ಕೆ.ಆರ್.ಪುರದಿಂದ ಕೂತು ಬಂದ ವಯಸ್ಸಾದವರು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಅದು ಸರಿ, ವಯಸ್ಸಿನ ಗುಣ. ಆದರೆ 25ರ ಹುಡುಗನೂ ಹಾಗೇ ಇಳಿದು, ಮೊದಲ ಹತ್ತಿಪ್ಪತ್ತು ಹೆಜ್ಜೆ ಹಿಮ್ಮಡಿ ಊರದೆ ಮುಂಗಾಲಲ್ಲೇ ನಡೆದು, ರಸೆಲ್ ಮಾರ್ಕೆಟ್ ಮುಟ್ಟುವಷ್ಟರಲ್ಲಿ ಸಲೀಸಾಗಿ ಓಡಾಡುತ್ತಿದ್ದರೆ?

‘ಏನಪ್ಪಾ, ಕಾಲಿಗೇನಾಯ್ತು?’ ಅಂತ ಕೇಳಿದರೆ ಸಿಗುವ ಉತ್ತರ ಒಂದೇ. ‘ಏನಿಲ್ಲ ಅಣ್ಣ, ವಾಯು. ಸೊಂಟಾನೂ ಹಿಡ್ಕೊಂಡಿರುತ್ತೆ. ಸ್ವಲ್ಪ ಓಡಾಡಿದ್ರೆ ಸರಿಹೋಗುತ್ತೆ.’

ದಂಡು ಪ್ರದೇಶದಲ್ಲಿ ಈ ‘ವಾಯು’ವಿಗೆ ಹೆಸರು ಹಲವು. ಕನ್ನಡದವರಿಗೆ ವಾಯು, ಹಲಸೂರಿನ ತಮಿಳರಿಗೆ ವಾಯುಪ್ಪಿಡಿಪ್ಪು, ಉರ್ದು ಮಾತಾಡುವವರಿಗೆ ಗಠಿಯಾ. ಮೂರು ಭಾಷೆಯವರೂ ಕೊಡುವ ಸಲಹೆ ಮಾತ್ರ ಒಂದೇ: ಎಣ್ಣೆ ತಿಕ್ಕು, ಬದನೆಕಾಯಿ-ಆಲೂಗಡ್ಡೆ ಬಿಡು, ಮಲಗಿ ರೆಸ್ಟ್ ತಗೋ.

ಎಡವಟ್ಟು ಆಗೋದು ಇಲ್ಲೇ. ದುಡಿದು ದಣಿದ ಬೆನ್ನು ಮಲಗಿದರೆ ಹಗುರವಾಗಬೇಕು. ಮಲಗಿದಷ್ಟೂ ಹಿಡಿದುಕೊಂಡು, ಎದ್ದು ಓಡಾಡಿದಷ್ಟೂ ಬಿಡುವ ಬೆನ್ನು ದಣಿದ ಬೆನ್ನಲ್ಲ. ಅದು ಉರಿಯೂತ ಹತ್ತಿದ ಬೆನ್ನು. ಆ ಬೆನ್ನಿಗೂ, ಊರಲಾಗದ ಹಿಮ್ಮಡಿಗೂ, ಹಿಂದಿನ ವರ್ಷ ಸುಮ್ಮಸುಮ್ಮನೆ ಬಾತುಕೊಂಡಿದ್ದ ಮಂಡಿಗೂ ಸಂಬಂಧ ಇರಬಹುದು ಅಂತ ಹುಡುಗನಿಗೂ ಹೊಳೆಯುವುದಿಲ್ಲ, ಅವನ ಮನೆಯವರಿಗೂ ಹೊಳೆಯುವುದಿಲ್ಲ.

ಕತ್ತಿನ ಪಟ್ಟಿಯ ಕಾಯಿಲೆ ಅಲ್ಲ

ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಾಲಿಗೆ ಹೊರಳದ ಹೆಸರು. ಡಾಕ್ಟರುಗಳು ಚೀಟಿಯಲ್ಲಿ ‘ಎ.ಎಸ್.’ ಅಂತ ಎರಡಕ್ಷರ ಗೀಚಿಬಿಡುತ್ತಾರೆ. ‘ಸ್ಪಾಂಡಿಲೈಟಿಸ್’ ಅಂದ ಕೂಡಲೇ ನಮ್ಮ ಜನ ಕತ್ತಿಗೆ ದಪ್ಪ ಪಟ್ಟಿ ಹಾಕಿಕೊಂಡ ಗುಮಾಸ್ತರನ್ನು ನೆನೆಸಿಕೊಳ್ಳುತ್ತಾರೆ. ಅದು ವಯಸ್ಸಿನಿಂದ ಕತ್ತಿನ ಮೂಳೆ ಸವೆಯುವುದು, ಅದರ ಸರಿಯಾದ ಹೆಸರು ಸ್ಪಾಂಡಿಲೋಸಿಸ್. ಎರಡು ಹೆಸರಿಗೂ ಇರುವ ವ್ಯತ್ಯಾಸ ಒಂದೆರಡು ಅಕ್ಷರದ್ದು, ಕಾಯಿಲೆಗೂ ಕಾಯಿಲೆಗೂ ಇರುವ ವ್ಯತ್ಯಾಸ ಆಕಾಶ-ಭೂಮಿಯಷ್ಟು. ಒಂದು ಸವೆತ, ಇನ್ನೊಂದು ಉರಿಯೂತ. ಒಂದು 50 ದಾಟಿದವರದು, ಇನ್ನೊಂದು ಬಹುತೇಕ 45ರ ಒಳಗೇ, ಹೆಚ್ಚಾಗಿ 20ರಿಂದ 30ರ ನಡುವೆ ಶುರುವಾಗುವುದು.

ಹೊಸ ಕಾಯಿಲೆಯೂ ಅಲ್ಲ. ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದು ಒಂದೇ ಗಳವಾಗಿ ಹೋದ ಅಸ್ಥಿಪಂಜರವನ್ನು ಬರ್ನಾರ್ಡ್ ಕಾನರ್ ಎಂಬ ಐರಿಷ್ ವೈದ್ಯ 1690ರ ದಶಕದಲ್ಲೇ ವರ್ಣಿಸಿದ್ದಾನೆ. 19ನೇ ಶತಮಾನದ ಕೊನೆಯಲ್ಲಿ ರಷ್ಯದ ಬೆಖ್ತೆರೆವ್, ಜರ್ಮನಿಯ ಸ್ಟ್ರುಂಪೆಲ್, ಫ್ರಾನ್ಸಿನ ಪಿಯರ್ ಮಾರಿ ಮೂವರೂ ಇದರ ಬಗ್ಗೆ ಬರೆದರು. 1973ರಲ್ಲಿ ಲಂಡನ್ನಿನ ಒಂದು ತಂಡ, ಲಾಸ್ ಏಂಜಲೀಸಿನ ಇನ್ನೊಂದು ತಂಡ ಬೇರೆಬೇರೆಯಾಗಿ ಒಂದೇ ಗುಟ್ಟು ಬಯಲು ಮಾಡಿದವು. ಈ ರೋಗಿಗಳ ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಬಹುಪಾಲು ಮಂದಿಗೆ ಇರುತ್ತದೆ. ಇವತ್ತು ಲ್ಯಾಬುಗಳಲ್ಲಿ ಮಾಡುವ ‘ಬಿ-27’ ಟೆಸ್ಟು ಅದೇ.

ಮೊಳೆ ಮತ್ತು ಹಗ್ಗ

ಬೆನ್ನಿನ ಕಾಯಿಲೆ ಹಿಮ್ಮಡಿಗೆ ಬರೋದು ಹೇಗೆ?

ಅಂಗಡಿ ಮುಂದೆ ಟಾರ್ಪಾಲು ಕಟ್ಟಿ ಅನುಭವ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಳಿ ಬೀಸಿದಾಗ ಹಗ್ಗ ಜಗ್ಗುತ್ತದೆ. ಹಗ್ಗ ಗಟ್ಟಿ, ಗೋಡೆಯೂ ಗಟ್ಟಿ. ಪೆಟ್ಟು ಬೀಳೋದು ಮೊಳೆ ಗೋಡೆಗೆ ಇಳಿದಿರುವ ಜಾಗಕ್ಕೆ. ದೇಹದಲ್ಲೂ ಹಾಗೇ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗವೇ ಟೆಂಡನ್. ಜನ ಅದನ್ನು ‘ನರ’ ಅಂತಲೇ ಕರೆಯೋದು. ಆ ಹಗ್ಗ ಮೂಳೆಗೆ ಕಚ್ಚಿಕೊಂಡ ಜಾಗವೇ ಈ ಕಾಯಿಲೆಯ ಮುಖ್ಯ ಗುರಿ. ಬೆನ್ನುಮೂಳೆಯ ಉದ್ದಕ್ಕೂ, ಸೊಂಟದ ಬುಡದಲ್ಲೂ ಇಂಥ ಜಾಗಗಳು ಬೇಕಾದಷ್ಟಿವೆ. ಹಿಮ್ಮಡಿಯ ಹಿಂದೆ ದಪ್ಪ ಟೆಂಡನ್ ಕೂರುವುದು ಅಂಥ ಒಂದು ಜಾಗ. ಹಿಮ್ಮಡಿ ಕೆಳಗೆ, ಪಾದದ ಅಂಗಳದ ಪಟ್ಟಿ ಶುರುವಾಗುವುದು ಇನ್ನೊಂದು. ಮಂಡಿಚಿಪ್ಪಿನ ಸುತ್ತ, ಸೊಂಟದ ಮೂಳೆಯ ಅಂಚು, ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ, ಎಲ್ಲವೂ ಅದೇ ಜಾತಿ.

ಎದೆಯ ನೋವಿನದಂತೂ ಬೇರೆ ಫಜೀತಿ. ಆಳವಾಗಿ ಉಸಿರು ಎಳೆದರೆ, ಸೀನಿದರೆ ಚುಚ್ಚುತ್ತದೆ. ಹಾರ್ಟ್ ಅಂತ ಹೆದರಿ ರಾತ್ರೋರಾತ್ರಿ ಆಟೋ ಹತ್ತುತ್ತಾರೆ, ಇಸಿಜಿ ನಾರ್ಮಲ್ ಬರುತ್ತೆ, ‘ಗ್ಯಾಸು’ ಅಂತ ಮಾತ್ರೆ ತಗೊಂಡು ವಾಪಸ್ ಬರುತ್ತಾರೆ. (ಹಾಗಂತ ಎದೆನೋವಿಗೆ ಇಸಿಜಿ ಮಾಡಿಸೋದು ಬಿಡಬಾರದು. ಮೊದಲು ಹಾರ್ಟ್ ಅಲ್ಲ ಅಂತ ಗೊತ್ತಾಗಲೇಬೇಕು.)

ಉರಿಯೂತ ಹತ್ತಿದ ಜಾಗಕ್ಕೆ ದೇಹ ತನ್ನದೇ ರಿಪೇರಿ ಶುರು ಮಾಡುತ್ತದೆ. ಹೊಸ ಮೂಳೆ ತಂದು ಮೆತ್ತುತ್ತದೆ. ಈ ರಿಪೇರಿಯೇ ಕೊನೆಗೆ ಮುಳುವು. ಬೆನ್ನಲ್ಲಿ ಹೀಗೆ ಮೆತ್ತಿಕೊಂಡ ಮೂಳೆ ವರ್ಷಗಳು ಉರುಳಿದಂತೆ ಒಂದು ಗಿಣ್ಣನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಎಕ್ಸ್‌ರೇಯಲ್ಲಿ ಬಿದಿರು ಗಳದ ಹಾಗೆ ಕಾಣುತ್ತದೆ. ಎಲ್ಲರಿಗೂ ಅಲ್ಲಿಗೆ ಹೋಗಿ ಮುಟ್ಟುವುದಿಲ್ಲ, ಆದರೆ ಮುಟ್ಟಿದವರಿಗೆ ಬೆನ್ನು ಮತ್ತೆ ಬಾಗುವುದಿಲ್ಲ.

ಮಂಡಿ, ಪಾದದ ಗಿಣ್ಣು, ತೊಡೆಸಂದು ಇವುಗಳ ಕತೆ ಸ್ವಲ್ಪ ಬೇರೆ. ಅಲ್ಲಿ ಕೀಲಿನ ಒಳಗೇ ನೀರು ತುಂಬಿ ಬಾವು ಬರುತ್ತದೆ. ಸಾಮಾನ್ಯವಾಗಿ ಒಂದೇ ಕಡೆ, ಕಾಲಿನ ದೊಡ್ಡ ಕೀಲುಗಳಿಗೆ. ಎರಡೂ ಕೈ ಬೆರಳುಗಳ ಗಿಣ್ಣು ಒಟ್ಟಿಗೇ ಊದುವ ರುಮಟಾಯ್ಡ್ ಎಂಬ ಸಂಧಿವಾತವೇ ಬೇರೆ. ಕೆಲವರಿಗೆ ಕಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ಬಾಳೆಕಾಯಿಯಂತೆ ಊದುವುದೂ ಉಂಟು.

ಮೂರು ನೋವು, ಮೂರು ಬಾಗಿಲು

ಇಂಥ ಹುಡುಗನ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಶಿವಾಜಿನಗರದ ಆಟೋ ಬಿಡಿಭಾಗದ ಅಂಗಡಿಯಲ್ಲೋ, ಟಿನ್ ಫ್ಯಾಕ್ಟರಿ ಹತ್ತಿರದ ಗ್ಯಾರೇಜಿನಲ್ಲೋ ಕೆಲಸ ಅಂತ ಇಟ್ಟುಕೊಳ್ಳಿ.

ಮೊದಲು ಹಿಮ್ಮಡಿ. ಮನೆಯಲ್ಲಿ ಅಜ್ಜಿ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು, ಕಾಲು ಒತ್ತು ಅಂತಾಳೆ. ಬಿಸಿಗೆ ಹಾಯೆನಿಸುತ್ತೆ, ಸುಳ್ಳಲ್ಲ. ಆಮೇಲೆ ಎಕ್ಸ್‌ರೇ, ‘ಮುಳ್ಳು ಬೆಳೆದಿದೆ’ ಅನ್ನುವ ತೀರ್ಪು, ಮೆತ್ತನೆ ರಬ್ಬರ್ ಚಪ್ಪಲಿ. ಮುಳ್ಳು ನೋವಿಲ್ಲದವರ ಹಿಮ್ಮಡಿಯಲ್ಲೂ ಬೇಕಾದಷ್ಟು ಇರುತ್ತದೆ ಅಂತ ಯಾರೂ ಹೇಳುವುದಿಲ್ಲ.

ಆಮೇಲೆ ಮಂಡಿ. ಬಿದ್ದಿಲ್ಲ, ಎದ್ದಿಲ್ಲ, ಬಾತುಕೊಂಡಿದೆ. ‘ಉಳುಕಿರಬೇಕು’ ಅಂತ ಕಟ್ಟು ಹಾಕುವವರ ಹತ್ತಿರ ಕರೆದೊಯ್ಯುತ್ತಾರೆ. ಪುತ್ತೂರು ಕಟ್ಟಿನ ಬೋರ್ಡು ಇಲ್ಲದ ರಸ್ತೆ ಬೆಂಗಳೂರಲ್ಲಿ ಎಲ್ಲಿದೆ? ಕಟ್ಟು ಬಿಗಿದು 15 ದಿನ ಅಲ್ಲಾಡಿಸಬೇಡ ಅಂದರೆ, ಅಲ್ಲಾಡಿಸಲೇಬೇಕಾದ ಕೀಲು ಇನ್ನೂ ಬಿಗಿಯುತ್ತದೆ. ಇಲ್ಲವೇ ಸೂಜಿ ಹಾಕಿ ನೀರು ತೆಗೆಸುತ್ತಾರೆ. ನಮ್ಮ ದೇಶದಲ್ಲಿ ಒಂದೇ ಕೀಲು ಊದಿದರೆ ಟಿ.ಬಿ. ಇರಬಹುದೆಂದು ನೋಡಲೇಬೇಕು, ಅದು ಸರಿ. 2006ರಲ್ಲಿ ಕರ್ನಾಟಕದಲ್ಲಿ ಚಿಕುನ್‌ಗುನ್ಯಾ ಹಬ್ಬಿದ ಮೇಲಂತೂ ಯಾವ ಗಂಟುನೋವಿಗೂ ಒಂದು ರೆಡಿಮೇಡ್ ಹೆಸರು ಸಿಕ್ಕಿಬಿಟ್ಟಿತು: ‘ಓ, ಚಿಕುನ್‌ಗುನ್ಯಾ ಬಂದಿತ್ತಲ್ಲ, ಅದರದ್ದೇ.’

ಕೊನೆಗೆ ಬೆನ್ನು. ರಾತ್ರಿ ಎರಡು-ಮೂರು ಗಂಟೆಗೆ ಎಚ್ಚರ. ಮಗ್ಗುಲು ಬದಲಿಸಲು ಮಂಚದ ಅಂಚು ಹಿಡಿಯಬೇಕು. ಇವತ್ತು ಎಡಪಿರ್ರೆಯಲ್ಲಿ ನೋವು, ಮುಂದಿನ ವಾರ ಬಲಪಿರ್ರೆಯಲ್ಲಿ. ಬೆಳಿಗ್ಗೆ ಅರ್ಧ ಗಂಟೆ, ಒಂದು ಗಂಟೆ ಮೈ ಮರದ ಹಲಗೆ. ‘ಏಳೋ, ಎಂಟು ಗಂಟೆ ಆಯ್ತು’ ಅಂತ ತಾಯಿ ಕೂಗುತ್ತಾಳೆ. ‘ದಿನಾ ಲೇಟು, ಮಧ್ಯಾಹ್ನ ಮಾತ್ರ ಕುದುರೆ ಥರ ಇರ್ತಾನೆ, ನಾಟಕ’ ಅಂತ ಮಾಲೀಕ ಗೊಣಗುತ್ತಾನೆ. ಹನ್ನೊಂದು ಗಂಟೆಗೆ ಚೆನ್ನಾಗಿ ಓಡಾಡುವವನು ಎಂಟು ಗಂಟೆಗೆ ಏಳಲಾರ ಅಂದರೆ ನಂಬುವವರು ಯಾರು? ಸೋಂಬೇರಿ ಅನ್ನಿಸಿಕೊಂಡು ಕೆಲಸ ಕಳಕೊಳ್ಳುವ ಕಾಯಿಲೆ ಇದು.

ಹಿಮ್ಮಡಿಗೆ ಒಬ್ಬರು, ಮಂಡಿಗೆ ಇನ್ನೊಬ್ಬರು, ಬೆನ್ನಿಗೆ ಮತ್ತೊಬ್ಬರು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಬೆನ್ನು ನೋವು ಅಂತ ಹೋದವನು ‘ಹಿಂದೆ ಮಂಡಿ ಊದಿತ್ತು ಡಾಕ್ಟ್ರೇ’ ಅಂತ ಯಾಕೆ ಹೇಳುತ್ತಾನೆ? ಅದು ವಾಸಿಯಾಯಿತಲ್ಲ! ರಕ್ತ ಪರೀಕ್ಷೆ ಮಾಡಿಸಿದರೆ ‘ಆರ್‌ಎ ಫ್ಯಾಕ್ಟರ್’ ನೆಗೆಟಿವ್, ಯೂರಿಕ್ ಆಸಿಡ್ ಸರಿ, ಇಎಸ್‌ಆರ್ ಕೂಡ ಕೆಲವರಿಗೆ ಸರಿಯಾಗೇ ಇರುತ್ತೆ. ಎ.ಎಸ್.ನಲ್ಲಿ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವೇ. ಮಾಮೂಲಿ ಎಕ್ಸ್‌ರೇಯಲ್ಲಿ ಗುರುತು ಮೂಡಲು ವರ್ಷಗಳೇ ಹಿಡಿಯಬಹುದು. ಸೊಂಟದ ಬುಡದ ಕೀಲಿನ ಎಂಆರ್‌ಐ ಮಾಡಿದರೆ ಅದಕ್ಕಿಂತ ಮೊದಲೇ ತಿಳಿಯುತ್ತೆ. ಹೀಗೆ ಬಾಗಿಲಿಂದ ಬಾಗಿಲಿಗೆ ಅಲೆದು ಕಾಯಿಲೆಯ ಸರಿಯಾದ ಹೆಸರು ಕಿವಿಗೆ ಬೀಳುವ ಹೊತ್ತಿಗೆ, ಬೇರೆಬೇರೆ ದೇಶಗಳ ಲೆಕ್ಕ ಒಟ್ಟು ಮಾಡಿ ನೋಡಿದರೆ, ಸರಾಸರಿ 6-7 ವರ್ಷ ಕಳೆದಿರುತ್ತದೆ.

ಹಾಗಾದರೆ ಹಿಮ್ಮಡಿ ನೋವೆಲ್ಲ ಇದೇನಾ?

ಖಂಡಿತ ಅಲ್ಲ. ದಿನವಿಡೀ ಗಲ್ಲಾದ ಹಿಂದೆ ನಿಂತೇ ಇರುವ 45ರ ಅಂಗಡಿಯವರಿಗೆ, ತೂಕ ಹೆಚ್ಚಿರುವವರಿಗೆ ಬರುವ ಹಿಮ್ಮಡಿ ನೋವು ಬಹುತೇಕ ಬರೀ ಹಿಮ್ಮಡಿ ನೋವೇ. ಅದೂ ಬೆಳಿಗ್ಗೆ ಮೊದಲ ಹೆಜ್ಜೆಗೇ ಚುಚ್ಚುತ್ತೆ, ಹೆದರಬೇಕಾಗಿಲ್ಲ. ಮೂಟೆ ಎತ್ತಿ ಹಿಡಿದುಕೊಂಡ ಸೊಂಟವೂ ಬರೀ ಸೊಂಟವೇ. ಅನುಮಾನ ಪಡಬೇಕಾದ್ದು ಎಳೆ ವಯಸ್ಸು, ಎರಡೂ ಹಿಮ್ಮಡಿ ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ಬಾವು, ಜತೆಗೆ ಮೂರು ತಿಂಗಳು ದಾಟಿದ ಬೆಳಗಿನ ಸೊಂಟ ಹಿಡಿತ ಇವು ಒಟ್ಟಿಗೇ ಬಂದಾಗ. ಮನೆಯಲ್ಲಿ ತಂದೆಗೋ ಚಿಕ್ಕಪ್ಪನಿಗೋ ಬೆನ್ನು ಬಾಗಿ ಗಟ್ಟಿಯಾಗಿದ್ದರೆ, ಇಲ್ಲ ಮೈಮೇಲೆ ಸೋರಿಯಾಸಿಸ್ ಇದ್ದರೆ ಅನುಮಾನ ಇನ್ನೂ ಗಟ್ಟಿ.

ಟೈಲರ್ ಟೇಪು ಇದ್ದರೆ ಮನೆಯಲ್ಲೇ ಒಂದು ಅಳತೆ ನೋಡಬಹುದು. ನೆಟ್ಟಗೆ ನಿಂತು, ಸೊಂಟದ ಕೆಳಗೆ ಹಿಂದೆ ಎರಡು ಗುಳಿ ಕಾಣುವ ಮಟ್ಟದಲ್ಲಿ ನಡುಬೆನ್ನಿಗೆ ಪೆನ್ನಿನ ಒಂದು ಗುರುತು, ಅದರ ಮೇಲೆ 10 ಸೆಂಟಿಮೀಟರಿಗೆ ಇನ್ನೊಂದು. ಈಗ ಮಂಡಿ ಮಡಿಸದೆ ಬಗ್ಗಿ. ಎರಡು ಗುರುತಿನ ನಡುವೆ ಸುಮಾರು 15 ಆಗಬೇಕು. ಹನ್ನೊಂದು ಹನ್ನೆರಡರಲ್ಲೇ ನಿಂತರೆ ಬೆನ್ನಿನ ಕೆಳಭಾಗ ಬಿಗಿದಿದೆ ಅಂತ ಅರ್ಥ. ಜರ್ಮನಿಯ ಡಾಕ್ಟರ್ ಷೋಬರ್ 1930ರ ದಶಕದಲ್ಲಿ ಹೇಳಿಕೊಟ್ಟ ಅಳತೆ, ಇವತ್ತೂ ಆಸ್ಪತ್ರೆಗಳಲ್ಲಿ ನಡೆಯುತ್ತೆ. ಆದರೆ ಅಳತೆ ಸರಿಯಿದೆ ಅಂತ ಸುಮ್ಮನಿರಬಾರದು. ಶುರುವಿನಲ್ಲಿ ಎಷ್ಟೋ ಜನಕ್ಕೆ ಸರಿಯಾಗೇ ಇರುತ್ತದೆ.

ಬಿ-27 ಟೆಸ್ಟಿನ ಬಗ್ಗೆ ಒಂದು ಮಾತು. ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಆ ಗುರುತು ಇರುವ 100 ಜನರಲ್ಲಿ 95 ಮಂದಿಯಾದರೂ ಜೀವನಪೂರ್ತಿ ಆರಾಮಾಗಿರುತ್ತಾರೆ. ಅಣ್ಣನಿಗೆ ಬಂತು ಅಂತ ನೋವೇ ಇಲ್ಲದ ತಂಗಿಗೂ ಟೆಸ್ಟು ಮಾಡಿಸಿ, ರಿಪೋರ್ಟು ಹಿಡಿದು ಮದುವೆ ಮಾತು ಕೆಡಿಸಿಕೊಳ್ಳುವುದು ಶುದ್ಧ ಅವಿವೇಕ.

ಹುಡುಗರಲ್ಲಿ ಕಾಲಿನಿಂದಲೇ ಶುರು

ಪುಸ್ತಕಗಳು ಇದನ್ನು ಬೆನ್ನಿನ ಕಾಯಿಲೆ ಅನ್ನುತ್ತವೆ. ನಮ್ಮ ದೇಶದ ಮಕ್ಕಳಲ್ಲಿ ಕತೆ ಉಲ್ಟಾ. ಇಲ್ಲಿ ಮಕ್ಕಳಿಗೆ ಬರುವ ಸಂಧಿವಾತದಲ್ಲಿ ಬಹಳ ಕಾಣಸಿಗುವ ಬಗೆ, ಟೆಂಡನ್ ಮೂಳೆಗೆ ಸೇರುವ ಕಡೆ ಹತ್ತುವ ಇದೇ ಜಾತಿಯದು. ಅದರಲ್ಲೂ ಎಂಟು ಹತ್ತು ವರ್ಷ ದಾಟಿದ ಗಂಡುಹುಡುಗರಿಗೆ. ಅವರಿಗೆ ಬೆನ್ನು ನೋವೇ ಇರುವುದಿಲ್ಲ. ಮಂಡಿ ಊದುತ್ತೆ, ಹಿಮ್ಮಡಿ ನೋಯುತ್ತೆ, ಪಿ.ಟಿ. ಪೀರಿಯಡ್ಡಿಗೆ ಹೋಗಲ್ಲ ಅಂತಾನೆ. ‘ಆಟ ಜಾಸ್ತಿ, ಅದಕ್ಕೇ’ ಅಂತ ಮನೆಯವರು, ‘ಬೆಳೆಯೋ ವಯಸ್ಸಿನ ನೋವು’ ಅಂತ ಪಕ್ಕದ ಮನೆಯವರು. ಬೆನ್ನು ಹಿಡಿಯೋದು ವರ್ಷಗಳ ಮೇಲೆ.

ಈ ಹುಡುಗರಿಗೆ ಭಯ ಇರೋದು ತೊಡೆಸಂದಿನದು. ಚಿಕ್ಕ ವಯಸ್ಸಿನಲ್ಲಿ ಶುರುವಾದಷ್ಟೂ ತೊಡೆಸಂದಿನ ಕೀಲು ಹಾಳಾಗುವ ಸಂಭವ ಹೆಚ್ಚು. ಅದು ಹೋದರೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಚಕ್ಕಂಬಟ್ಟಲು ಹಾಕುವಂತಿಲ್ಲ. ಹಳೇ ವಠಾರದ ಕಕ್ಕಸೇ ಕಷ್ಟ. ಸೋಮೇಶ್ವರನ ಗುಡಿಯಲ್ಲಿ ಅಡ್ಡಬೀಳಲಾಗದು, ಮಸೀದಿಯಲ್ಲಿ ನಮಾಜಿಗೆ ಕೊನೆಯ ಸಾಲಿನ ಕುರ್ಚಿಯೇ ಗತಿ, ಚರ್ಚಿನಲ್ಲಿ ಮಂಡಿಯೂರಲಾಗದು. 30ರ ಒಳಗೇ ಕೀಲು ಬದಲಾಯಿಸುವ ಆಪರೇಷನ್ನಿಗೆ ಬಂದು ನಿಲ್ಲುವವರಿದ್ದಾರೆ.

ಹೆಂಗಸರ ಪಾಡು ಇನ್ನೊಂದು. ಇದು ಗಂಡಸರ ಕಾಯಿಲೆ ಅಂತ ದಶಕಗಳ ಕಾಲ ನಂಬಿದ್ದರು. ಈಗಿನ ಲೆಕ್ಕದಲ್ಲಿ ಎರಡು-ಮೂರು ಗಂಡಸರಿಗೆ ಒಬ್ಬ ಹೆಂಗಸು. ಎಕ್ಸ್‌ರೇಯಲ್ಲಿ ಇನ್ನೂ ಕಾಣದ ಹಂತದಲ್ಲಂತೂ ಹೆಚ್ಚುಕಡಿಮೆ ಸಮಸಮ. ಆದರೂ ಹೆಂಗಸು ಸೊಂಟ ನೋವು ಅಂದರೆ ‘ಬಾಣಂತನದಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ’ ಅನ್ನೋದೇ ಮೊದಲ ಮಾತು.

ನೆಟಿಕೆ ಬೇಡ, ಸಿಗರೇಟೂ ಬೇಡ

ಕಟಿಂಗ್ ಶಾಪಿನಲ್ಲಿ ತಲೆಗೆ ಎಣ್ಣೆ ಹಾಕಿ, ಕತ್ತು ಎರಡೂ ಕಡೆ ಲಟಕ್ ಅಂತ ತಿರುಗಿಸಿ ನೆಟಿಕೆ ತೆಗೆಸಿಕೊಳ್ಳುವ ಸುಖ ಬಲ್ಲವರೇ ಬಲ್ಲರು. ಎ.ಎಸ್. ಇರುವವರು ಮಾತ್ರ ಆ ಸುಖದ ತಂಟೆಗೆ ಹೋಗಬಾರದು. ಬೆಸೆದ ಬೆನ್ನುಮೂಳೆ ಗಟ್ಟಿ ಕಾಣುತ್ತದೆ, ಆದರೆ ಬಳಪದ ಕಡ್ಡಿಯ ಹಾಗೆ ಪೆಡಸು. ಬೈಕಿನಿಂದ ಸಣ್ಣಗೆ ಬಿದ್ದರೂ ಮುರಿಯಬಹುದು. ಹಳೇ ಮದರಾಸು ರಸ್ತೆಯ ಗುಂಡಿಯಲ್ಲಿ ಬಿದ್ದೆದ್ದ ಮೇಲೆ ಕತ್ತಿಗೋ ಬೆನ್ನಿಗೋ ಹೊಸ ನೋವು ಬಂದರೆ ‘ಹಳೇದೇ ಇರಬೇಕು’ ಅಂತ ಬಿಡುವಂತಿಲ್ಲ, ಆಸ್ಪತ್ರೆಗೆ ಹೋಗಿ ಸ್ಕ್ಯಾನು ಮಾಡಿಸಬೇಕು.

ಮೆಡಿಕಲ್ ಶಾಪಿನಲ್ಲಿ ‘ಅಣ್ಣ, ಒಂದು ನೋವಿನ ಮಾತ್ರೆ ಕೊಡಿ’ ಅಂತ ದಿನಾ ನುಂಗೋದು ಇನ್ನೊಂದು ಚಾಳಿ. ತಮಾಷೆ ಅಂದರೆ ಉರಿಯೂತ ಇಳಿಸುವ ಆ ಮಾತ್ರೆಗಳೇ ಈ ಕಾಯಿಲೆಗೆ ಮೊದಲ ಚಿಕಿತ್ಸೆ. ಆದರೆ ಎಷ್ಟು, ಎಷ್ಟು ದಿನ, ಹೊಟ್ಟೆ ಹುಣ್ಣು ಕಿಡ್ನಿ ನೋಡಿಕೊಂಡು ಯಾವುದು ಅನ್ನೋದನ್ನು ಡಾಕ್ಟರು ಗೊತ್ತುಮಾಡಬೇಕು. ಇನ್ನು ಪೊಟ್ಟಣದ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿ ಕೊಡುವವರಿದ್ದಾರೆ. ಎರಡೇ ದಿನಕ್ಕೆ ಮೈ ಹಗುರ, ಮುಖ ದುಂಡಗೆ, ಮೂಳೆ ಒಳಗಿಂದ ಟೊಳ್ಳು. ಬೆನ್ನಿನ ಈ ಕಾಯಿಲೆಗೆ ದಿನಾ ನುಂಗುವ ಸ್ಟೀರಾಯ್ಡಿನಿಂದ ಲಾಭವಿಲ್ಲ. ಹಿಮ್ಮಡಿ ಹಿಂದಿನ ದಪ್ಪ ಟೆಂಡನ್ನಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಆ ಹಗ್ಗವೇ ಹರಿಯುವ ಅಪಾಯ ಉಂಟು. ಬೀಡಿ-ಸಿಗರೇಟು ಸೇದುವವರ ಬೆನ್ನು ಸೇದದವರದಕ್ಕಿಂತ ಬೇಗ ಬಿಗಿಯುತ್ತದೆ ಅನ್ನುವುದೂ ಅಧ್ಯಯನಗಳಲ್ಲಿ ಕಂಡಿದೆ.

ಔಷಧಿಯಷ್ಟೇ ಮುಖ್ಯ ವ್ಯಾಯಾಮ. ಬೆನ್ನು ಹಿಂದಕ್ಕೆ ಬಾಗಿಸುವುದು, ಎದೆ ತುಂಬ ಉಸಿರೆಳೆಯುವುದು, ಈಜು, ನಡಿಗೆ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಗಂಟೆಗಟ್ಟಲೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಂತರೂ ಪ್ರಯೋಜನ ಇದೆ. ಕ್ರಿಕೆಟ್ ಪ್ರಿಯರಿಗೆ ಮೈಕ್ ಆಥರ್ಟನ್ ನೆನಪಿರಬಹುದು. ಇದೇ ಕಾಯಿಲೆ ಇಟ್ಟುಕೊಂಡು 115 ಟೆಸ್ಟ್ ಆಡಿದ, ಇಂಗ್ಲೆಂಡಿನ ನಾಯಕನಾಗಿದ್ದ. 1995ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಡೊನಾಲ್ಡನ ಎಸೆತಗಳಿಗೆ ಎದೆಯೊಡ್ಡಿ 643 ನಿಮಿಷ ನಿಂತು 185 ಹೊಡೆದು ಔಟಾಗದೆ ಉಳಿದ. ಅವನಿಗೆ ಚಿಕಿತ್ಸೆ ಇತ್ತು, ನೋವೂ ಇತ್ತು.

ಎಲ್ಲಿಗೆ ಹೋಗೋದು, ದುಡ್ಡೆಷ್ಟು?

ಇದನ್ನು ನೋಡುವವರು ರುಮಟಾಲಜಿಸ್ಟ್, ಅಂದರೆ ಕೀಲುವಾತ ತಜ್ಞರು. ಮೂಳೆ ಡಾಕ್ಟರೇ ಬೇರೆ, ಇವರೇ ಬೇರೆ. ಪೂರ್ವ ಬೆಂಗಳೂರಿನವರಿಗೆ ಹತ್ತಿರದಲ್ಲಿ ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಅಷ್ಟು ದೂರ ಹೋಗಲಾಗದವರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೋ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯಲ್ಲೋ ಚೀಟಿ ಮಾಡಿಸಿ ಮೊದಲ ತಪಾಸಣೆ ಮುಗಿಸಿಕೊಳ್ಳಬಹುದು. ಎಲ್ಲಿಗೇ ಹೋಗಲಿ, ಹಿಮ್ಮಡಿ, ಮಂಡಿ, ಬೆನ್ನು, ಕಣ್ಣು ನಾಲ್ಕರ ಕತೆಯನ್ನೂ ಒಬ್ಬರೇ ಡಾಕ್ಟರ ಮುಂದೆ ಒಂದೇ ಸಲ ಹೇಳಬೇಕು. ಹಳೇ ಎಕ್ಸ್‌ರೇ, ಚೀಟಿ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಎಷ್ಟೋ ಸಲ ಅಷ್ಟರಲ್ಲೇ ಅರ್ಧ ಗುಟ್ಟು ಬಯಲಾಗುತ್ತೆ.

ಮಂಡಿ-ಪಾದದ ಬಾವಿಗೆ ಸಲ್ಫಸಲಜಿನ್ ಎಂಬ ಹಳೇ ಮಾತ್ರೆ ಕೊಡುತ್ತಾರೆ. ಅದು ಕಾಲಿನ ಕೀಲಿಗೆ ನಡೆಯುತ್ತೆ, ಬೆನ್ನಿಗೆ ನಡೆಯೋಲ್ಲ. ಮಾತ್ರೆಗೆ ಬಗ್ಗದ ಬೆನ್ನಿಗೆ ‘ಬಯಾಲಾಜಿಕ್’ ಇಂಜೆಕ್ಷನ್ನುಗಳಿವೆ. ಒಂದು ಕಾಲಕ್ಕೆ ಇವು ಶ್ರೀಮಂತರ ಮದ್ದು. 2014ರ ಡಿಸೆಂಬರಿನಲ್ಲಿ ಝೈಡಸ್ ಕ್ಯಾಡಿಲಾ ಕಂಪನಿ ಅಡಲಿಮುಮ್ಯಾಬ್ ಎಂಬ ಇಂಜೆಕ್ಷನ್ನಿನ ದೇಶೀ ರೂಪ ತಂದಿತು, ಮೂಲ ಔಷಧಿಗಿಂತ ಬಹಳ ಕಡಿಮೆ ಬೆಲೆಗೆ. ಆಮೇಲೆ ಬೇರೆ ಕಂಪನಿಗಳೂ ಬಂದವು. ಆದರೂ ದಿನಗೂಲಿಯವನ ಕೈಗೆ ಇದು ಇನ್ನೂ ಎಟುಕದ ದ್ರಾಕ್ಷಿ. ಕಾರ್ಖಾನೆ ಕೆಲಸಗಾರರು ಇಂದಿರಾನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕೇಳಿ ನೋಡಬಹುದು. ಸ್ವಂತ ಆಟೋ ಓಡಿಸುವವನಿಗೆ, ತಳ್ಳುಗಾಡಿಯವನಿಗೆ ಆ ಕಾರ್ಡೂ ಇಲ್ಲ. ಇಂಜೆಕ್ಷನ್ ಶುರುಮಾಡುವ ಮುಂಚೆ ಒಳಗೆ ಅಡಗಿದ ಟಿ.ಬಿ. ಇದೆಯೇ ಅಂತ ನೋಡಲೇಬೇಕು, ಇಲ್ಲದಿದ್ದರೆ ಮಲಗಿದ್ದ ಟಿ.ಬಿ. ಎದ್ದು ಕೂರುತ್ತೆ.

ಕಣ್ಣಿನ ಮಾತು ಬಂತಲ್ಲ. ಎ.ಎಸ್. ಇರುವವರಲ್ಲಿ ಸುಮಾರು ನಾಲ್ಕಕ್ಕೊಬ್ಬರಿಗೆ ಒಂದಲ್ಲ ಒಂದು ಸಲ ಕಣ್ಣಿನ ಒಳಗೂ ಉರಿಯೂತ ಹತ್ತುತ್ತದೆ. ಒಂದೇ ಕಣ್ಣು ಕೆಂಪು, ನೋವು, ಬೆಳಕು ನೋಡಲಾಗದು, ದೃಷ್ಟಿ ಮಂಜು. ಜನ ‘ಮದ್ರಾಸ್ ಐ’ ಅಂತ ಕಪ್ಪು ಕನ್ನಡಕ ಹಾಕಿಕೊಂಡು ನಾಲ್ಕು ದಿನ ಮನೆಯಲ್ಲಿ ಕೂರುತ್ತಾರೆ. ಮದ್ರಾಸ್ ಐನಲ್ಲಿ ಪಿಸುರು ಕಟ್ಟುತ್ತೆ, ಸಾಮಾನ್ಯವಾಗಿ ಎರಡೂ ಕಣ್ಣಿಗೆ ಹರಡುತ್ತೆ. ಇದರಲ್ಲಿ ಪಿಸುರಿಲ್ಲ, ಒಳಗಿಂದ ಕುಟುಕುವ ನೋವು. ಅಂಥ ಕಣ್ಣು ಇಟ್ಟುಕೊಂಡು ನಾಳೆ ನೋಡೋಣ ಅನ್ನುವಂತಿಲ್ಲ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ‘ನನಗೆ ಬೆನ್ನಿನ ಕಾಯಿಲೆಯೂ ಇದೆ’ ಅಂತ ಮೊದಲೇ ಹೇಳಬೇಕು.